ತಮ್ಮನ ವೀಸಾ ಮುಗಿಯುತ್ತಿದೆ, ಬಳ್ಳಾರಿಗೆ ವಾಪಸ್ ಬರಬೇಕಾ?

ತಮ್ಮ ಅಮೆರಿಕದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾನೆ, ಪಾಸ್‌ಪೋರ್ಟ್‌ನಲ್ಲಿರುವ ಎಫ್-1 (ವಿದ್ಯಾರ್ಥಿ) ವೀಸಾ ಮುಂದಿನ ತಿಂಗಳು ಮುಗಿಯುತ್ತೆ, ಬಳ್ಳಾರಿಗೆ ಬರಬೇಕಾ ಅಂತ ಕೇಳಿದ್ದೀರಿ. ಅದೊಂದೇ ಕಾರಣಕ್ಕೆ ಬರಬೇಕಿಲ್ಲ. ವೀಸಾ ಬೇಕಾಗುವುದು ಆ ದೇಶದೊಳಗೆ ಕಾಲಿಡಲು. ಒಳಗೆ ಇರಲು ಬೇಕಾದದ್ದು ಸ್ಟೇಟಸ್, ಅಂದರೆ ವಿದ್ಯಾರ್ಥಿಯಾಗಿ ಅಲ್ಲಿರಲು ಇರುವ ಕಾನೂನುಬದ್ಧ ಅನುಮತಿ. ವೀಸಾ ಮುಗಿದರೂ ಸ್ಟೇಟಸ್ ಸರಿಯಿದ್ದರೆ ಓದು ಮುಂದುವರಿಸಬಹುದು.

ನೋಡಬೇಕಾದದ್ದು ಐ-20 ಪತ್ರದ (ವಿದೇಶಿ ವಿದ್ಯಾರ್ಥಿಗೆ ಯೂನಿವರ್ಸಿಟಿ ಕೊಡುವ ದಾಖಲೆ) ಕೊನೆಯ ದಿನಾಂಕ. ಓದು ಅಷ್ಟರಲ್ಲಿ ಮುಗಿಯಲ್ಲ ಅನಿಸಿದರೆ ಆ ದಿನಾಂಕಕ್ಕೆ ಮೊದಲೇ ವಿಸ್ತರಣೆ ಮಾಡಿಸಬೇಕು. ಫುಲ್‌ಟೈಮ್ ಓದುತ್ತಿರಬೇಕು. ಯೂನಿವರ್ಸಿಟಿಯ ವಿದೇಶಿ ವಿದ್ಯಾರ್ಥಿ ಕಚೇರಿಗೆ ಹೇಳದೆ ಕೋರ್ಸ್ ಕೈಬಿಡಬಾರದು. ಮನೆ ಬದಲಿಸಿದರೆ 10 ದಿನದೊಳಗೆ ತಿಳಿಸಬೇಕು. ಕ್ಯಾಂಪಸ್ ಕೆಲಸ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ. ಹೊರಗೆ ಅಂಗಡಿಯಲ್ಲಿ ಕೈಗೆ ದುಡ್ಡು ಕೊಡ್ತಾರೆ ಅಂತ ಹೋಗುವವರಿದ್ದಾರೆ. ಸಿಕ್ಕಿಬಿದ್ದರೆ ಸ್ಟೇಟಸ್ಸೇ ಹೋಗುತ್ತೆ, ಅದನ್ನು ಖಡಾಖಂಡಿತ ಬೇಡ ಅನ್ನಿ.

ಅವನು ಊರಿಗೆ ಬಂದರೆ ಮಾತ್ರ ವಾಪಸ್ ಹೋಗಲು ಹೊಸ ವೀಸಾ ಬೇಕು. ಸಂದರ್ಶನಕ್ಕೆ ಚೆನ್ನೈಗೋ ಹೈದರಾಬಾದ್‌ಗೋ ಓಡಾಟ ಇದ್ದದ್ದೇ. ಸ್ಲಾಟ್ ಸಿಗೋದು ತಡವಾಗಬಹುದು, ಒಂದು ವಾರದ ಹಬ್ಬಕ್ಕೆ ಅಂತ ಬರಬೇಡಿ ಅಂತಲೇ ನಾನು ಹೇಳುವುದು.

ಬಂದರೂ ಐ-20ಯ ಎರಡನೇ ಪುಟದಲ್ಲಿ ಪ್ರಯಾಣಕ್ಕೆ ಆ ವಿದೇಶಿ ವಿದ್ಯಾರ್ಥಿ ಕಚೇರಿಯವರು ಹಾಕುವ ಸಹಿ ಇದೆಯಾ ನೋಡಿಕೊಳ್ಳಲಿ. ಓದುತ್ತಿರುವವರಿಗೆ ಅದು ಒಂದು ವರ್ಷಕ್ಕೆ ನಡೆಯುತ್ತೆ. ನನ್ನ ಚಿಕ್ಕಪ್ಪನ ಮಗ ಕೊಪ್ಪಳಕ್ಕೆ ಅಕ್ಕನ ಮದುವೆಗೆ ಬಂದಿದ್ದ. ಹೊರಡುವ ಹಿಂದಿನ ರಾತ್ರಿ ಸೂಟ್‌ಕೇಸ್‌ಗೆ ಶೇಂಗಾ ಚಟ್ನಿಪುಡಿ ತುಂಬುವಾಗ ಪತ್ರ ತೆಗೆದು ನೋಡಿದರೆ ಸಹಿ 14 ತಿಂಗಳು ಹಳೆಯದು! ಟಿಕೆಟ್ ಮುಂದಕ್ಕೆ ಹಾಕಿಸಿ, ಹೊಸ ಸಹಿಯ ಐ-20 ಮೇಲ್‌ನಲ್ಲಿ ಬರುವವರೆಗೆ ಮನೆಯಲ್ಲೇ ಕೂತಿದ್ದ.