ಕ್ವಿಲ್ಟ್ ಬ್ಲಾಕ್ ಅಳತೆಗೆ ಸರಿಯಾಗಿ ಬರಬೇಕಾದರೆ ಸ್ಪೆಷಲ್ ರೂಲರ್ ಬೇಕೇ ಬೇಕಾ?

ನೀವು ಕೇಳಿದ್ದು ಇಷ್ಟು: ಸಾಟೂತ್ ಸ್ಟಾರ್ ಅನ್ನುವ ನಕ್ಷತ್ರದ ಬ್ಲಾಕ್ (ಜೋಡಿಸಿ ಕ್ವಿಲ್ಟ್ ಮಾಡುವ ಚೌಕ) ಹೊಲಿಯುತ್ತಿದ್ದೀರಿ. 12½ ಇಂಚು ಬರಬೇಕಾದದ್ದು ಒಂದು 12¼ ಬರುತ್ತದೆ, ಇನ್ನೊಂದು 12¾. ಕೆಲವದರಲ್ಲಿ ನಕ್ಷತ್ರದ ಮೊನೆ ಹೊಲಿಗೆಯೊಳಗೆ ಸೇರಿ ಮೊಂಡಾಗುತ್ತದೆ. ವಿಡಿಯೋಗಳಲ್ಲಿ ಒಬ್ಬೊಬ್ಬರು ಒಂದೊಂದು ರೂಲರ್ ತೋರಿಸುತ್ತಾರೆ, ನಿಮ್ಮ ಹತ್ತಿರ ಇರುವುದು 6×24 ಇಂಚಿನ ಮಾಮೂಲಿ ಅಕ್ರಿಲಿಕ್ ರೂಲರ್ ಒಂದೇ. ಹೊರಗಿನಿಂದ ಬೆಂಗಳೂರಿಗೆ ತರಿಸಿದರೆ ಬೆಲೆ ಜಾಸ್ತಿ ಬೀಳುತ್ತದೆ. ಯಾವುದನ್ನು ಕೊಳ್ಳಬೇಕು, ಅಥವಾ ಅಜ್ಜಿ ಸ್ಕೇಲನ್ನೇ ಮುಟ್ಟದೆ ಕೌದಿ ಹೊಲಿದ ಹಾಗೆ ನಾವೂ ಹೊಲಿಯಬಹುದಲ್ವಾ ಅಂತ.

ನಾನಿರುವುದು ಅಮೆರಿಕದ ಒಹಾಯೋದಲ್ಲಿ. ಇಲ್ಲಿ ಕ್ವಿಲ್ಟ್ ಅಂಗಡಿಗೆ ಹೋದರೆ ಒಂದು ಗೋಡೆ ತುಂಬಾ ರೂಲರ್‌ಗಳೇ ನೇತಾಡುತ್ತಿರುತ್ತವೆ. ಕೆಂಟಕಿಯ ಪಡೂಕಾದಲ್ಲಿ ವಸಂತದಲ್ಲಿ ದೊಡ್ಡ ಕ್ವಿಲ್ಟ್ ಪ್ರದರ್ಶನ ನಡೆಯುತ್ತದಲ್ಲ, ಅಲ್ಲಂತೂ ಕೇಳುವುದೇ ಬೇಡ. ಎಲ್ಲವೂ ಬೇಕು ಅನಿಸುತ್ತದೆ. ನಾನು ಕೊಳ್ಳುವಾಗ ನೋಡುವುದು ಒಂದೇ: ಈ ರೂಲರ್ ಹೊಲಿಯುವ ಮೊದಲು ಬಟ್ಟೆ ಕತ್ತರಿಸುವುದಕ್ಕೋ, ಹೊಲಿದ ಮೇಲೆ ಟ್ರಿಮ್ ಮಾಡುವುದಕ್ಕೋ? ಟ್ರಿಮ್ ಮಾಡುವುದಕ್ಕಾದರೆ ದುಡ್ಡು ಕೊಡಬಹುದು. ಮೊದಲೇ ಕತ್ತರಿಸುವುದಕ್ಕಾದರೆ ಅದು ಹೆಚ್ಚಿನ ಸಲ ನಿಮ್ಮ ಲೆಕ್ಕವನ್ನಷ್ಟೇ ಉಳಿಸುತ್ತದೆ, ಅಳತೆಯನ್ನು ಸರಿ ಮಾಡುವುದಿಲ್ಲ. ಇದಕ್ಕೆ ಒಂದೆರಡು ಅಪವಾದ ಇವೆ, ಮುಂದೆ ಹೇಳುತ್ತೇನೆ.

ಆದರೆ ಏನನ್ನೂ ಆರ್ಡರ್ ಮಾಡುವ ಮೊದಲು ನಿಮ್ಮ ಮಿಷನ್ ಎಷ್ಟು ಮಾರ್ಜಿನ್ (ಹೊಲಿಗೆಯಿಂದ ಬಟ್ಟೆಯ ಅಂಚಿನವರೆಗಿನ ಜಾಗ, ಕ್ವಿಲ್ಟಿನಲ್ಲಿ ಕಾಲು ಇಂಚು) ಬಿಟ್ಟು ಹೊಲಿಯುತ್ತಿದೆ ನೋಡಿಬಿಡಿ. 1½ ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ. ಪಕ್ಕಪಕ್ಕಕ್ಕೆ ಜೋಡಿಸಿ ಹೊಲಿಯಿರಿ, ಇಸ್ತ್ರಿ ಮಾಡಿ, ನಡುವಿನ ಪಟ್ಟಿಯನ್ನು ಅಳೆಯಿರಿ. ಸರಿಯಾಗಿ 1 ಇಂಚು ಇರಬೇಕು, ಮೂರೂ ಸೇರಿ 3½ ಇರಬೇಕು. ನಡುವಿನದು 1ಕ್ಕಿಂತ ಕಡಿಮೆ ಬಂದರೆ ಮಾರ್ಜಿನ್ ದಪ್ಪ ಹೋಗುತ್ತಿದೆ ಅಂತ ಅರ್ಥ. ಮಿಷನ್ನಿನಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಫುಟ್ ಮೇಲೆ ಕಾಲು ಇಂಚು ಅಂತ ಬರೆದಿದ್ದರೂ ಇದು ಆಗುತ್ತದೆ, ಯಾಕೆಂದರೆ ಬಟ್ಟೆ ಮಡಚಿಕೊಳ್ಳುವ ಜಾಗದಲ್ಲಿ ದಾರದ ದಪ್ಪ, ಬಟ್ಟೆಯ ದಪ್ಪ ಸೇರಿ ಒಂದೆರಡು ಎಳೆಯಷ್ಟು ಅಗಲ ನುಂಗಿಬಿಡುತ್ತವೆ. ಅದಕ್ಕೇ ಅನುಭವ ಇರುವವರು ಪೂರ್ತಿ ಕಾಲು ಇಂಚು ಹೊಲಿಯುವುದಿಲ್ಲ, ಅದಕ್ಕಿಂತ ಒಂದು ನೂಲೆಳೆ ಕಡಿಮೆ ಹೊಲಿಯುತ್ತಾರೆ. ಸೂಜಿಯನ್ನು ಒಂದು ಕ್ಲಿಕ್ ಬಲಕ್ಕೆ ಸರಿಸಿ. ಮಿಷನ್ನಿನಲ್ಲಿ ಆ ಸೌಕರ್ಯ ಇಲ್ಲದಿದ್ದರೆ ಸೂಜಿಯಿಂದ ಅಳೆದು ತಟ್ಟೆಯ ಮೇಲೆ ಟೇಪು ಅಂಟಿಸಿ, ಬಟ್ಟೆಯ ಅಂಚು ಅದಕ್ಕೆ ತಾಗಿಕೊಂಡು ಹೋಗಲಿ.

ಇದು ಸಣ್ಣ ವಿಷಯ ಅಲ್ಲ. ಮಾರ್ಜಿನ್ 1/16 ಇಂಚು ದಪ್ಪ ಹೋದರೆ ಎರಡೂ ಕಡೆಯ ಬಟ್ಟೆಯಲ್ಲಿ ಅಷ್ಟಷ್ಟು ಹೋಗುತ್ತದೆ, ಅಂದರೆ ಒಂದು ಹೊಲಿಗೆಗೆ 1/8 ಇಂಚು. ನಿಮ್ಮ ಸಾಟೂತ್ ಸ್ಟಾರ್‌ನಲ್ಲಿ ಒಂದು ಸಾಲಿಗೆ ಎರಡು ಹೊಲಿಗೆ. ಅಲ್ಲಿಗೇ ¼ ಇಂಚು ಹೋಯಿತು, ನಿಮ್ಮ 12¼ ಇಂಚಿನ ಬ್ಲಾಕ್ ಬಂದದ್ದು ಹೀಗೇ ಇರಬೇಕು. ಇದನ್ನು ಯಾವ ರೂಲರ್ ಕೂಡ ಸರಿ ಮಾಡುವುದಿಲ್ಲ.

ಈಗ ರೂಲರ್ ವಿಷಯ. ಹಿಂದೆ ಇಲ್ಲಿಯೂ ರಟ್ಟಿನ ಅಚ್ಚು ಇಟ್ಟು, ಪೆನ್ಸಿಲಿನಲ್ಲಿ ಗೆರೆ ಎಳೆದು, ಕತ್ತರಿಯಲ್ಲಿ ಒಂದೊಂದೇ ತುಂಡು ಕತ್ತರಿಸುತ್ತಿದ್ದರು. ಪೆನ್ಸಿಲ್ ಉಜ್ಜಿ ಉಜ್ಜಿ ರಟ್ಟಿನ ಅಂಚು ಸವೆಯುತ್ತಿತ್ತು, ಕೊನೆಯ ತುಂಡು ಮೊದಲನೆಯದಕ್ಕಿಂತ ಚಿಕ್ಕದಾಗುತ್ತಿತ್ತು. 1979ರಲ್ಲಿ ಜಪಾನಿನ ಓಲ್ಫಾ ಕಂಪನಿ ರೋಟರಿ ಕಟರ್ ತಂದ ಮೇಲೆ ಎಲ್ಲ ಬದಲಾಯಿತು. ಆ ಚಕ್ರದ ಬ್ಲೇಡಿಗೆ ಆನಿಕೊಳ್ಳಲು ದಪ್ಪ ಅಂಚು ಬೇಕು, ಕೆಳಗಿನ ಬಟ್ಟೆಯೂ ಕಾಣಬೇಕು. ಹಾಗಾಗಿ ದಪ್ಪ ಅಕ್ರಿಲಿಕ್. ಕತ್ತರಿಸುವುದು ನಿಖರವಾಯಿತು. ಆದರೆ ಹೊಲಿಯುವಾಗ ಬಟ್ಟೆ ಬಟ್ಟೆಯೇ ಅಲ್ವಾ? ಮಿಷನ್ನಿನ ಹಲ್ಲು ಕೆಳಗಿನ ಪದರವನ್ನು ಸ್ವಲ್ಪ ಜಾಸ್ತಿ ಎಳೆಯುತ್ತದೆ. ಕ್ರಾಸ್ ಆಗಿ, ಅಂದರೆ ಓರೆಯಾಗಿ ಕತ್ತರಿಸಿದ ಅಂಚು ಇಸ್ತ್ರಿ ಪೆಟ್ಟಿಗೆ ಹಿಗ್ಗುತ್ತದೆ. ಎಷ್ಟೇ ಸರಿಯಾಗಿ ಕತ್ತರಿಸಿದರೂ ಹೊಲಿದ ಮೇಲೆ ಅದೇ ಅಳತೆ ಉಳಿಯುತ್ತದೆ ಅನ್ನುವ ಖಾತ್ರಿ ಇಲ್ಲ. ಅದಕ್ಕೇ ನಾನು ಹೇಳುವುದು, ತ್ರಿಕೋನ ಇರುವ ತುಂಡುಗಳನ್ನು ಬೇಕೆಂದೇ ಸ್ವಲ್ಪ ದೊಡ್ಡದಾಗಿ ಕತ್ತರಿಸಿ, ಹೊಲಿದು, ಇಸ್ತ್ರಿ ಮಾಡಿ, ಆಮೇಲೆ ಅಳತೆಗೆ ತನ್ನಿ. ಅಲ್ಲಿಯವರೆಗೆ ಆದ ಏರುಪೇರೆಲ್ಲ ಚೂರಾಗಿ ಕತ್ತರಿಸುವ ಮ್ಯಾಟ್ ಮೇಲೆ ಬೀಳುತ್ತದೆ.

ಹಾಫ್ ಸ್ಕ್ವೇರ್ ಟ್ರೈಆಂಗಲ್, ಅಂದರೆ ಎರಡು ತ್ರಿಕೋನ ಸೇರಿ ಆದ ಚೌಕ ತೆಗೆದುಕೊಳ್ಳಿ. ಮಾರ್ಜಿನ್ ಹೋಗಿ 3 ಇಂಚಿನದು ಬೇಕಾದರೆ ಪುಸ್ತಕದ ಲೆಕ್ಕದಲ್ಲಿ 3⅞ ಇಂಚಿನ ಎರಡು ಚೌಕ ಕತ್ತರಿಸಬೇಕು. ನೀವು 4 ಇಂಚು ಕತ್ತರಿಸಿ. ಒಂದರ ಮೇಲೊಂದು ಇಟ್ಟು, ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಗೆರೆಯ ಎರಡೂ ಕಡೆ ಕಾಲು ಇಂಚು ಬಿಟ್ಟು ಹೊಲಿದು, ಗೆರೆಯ ಮೇಲೆ ಕತ್ತರಿಸಿದರೆ ಎರಡು ಬರುತ್ತವೆ. ಅವನ್ನು 3½ಕ್ಕೆ ಟ್ರಿಮ್ ಮಾಡಬೇಕು. ಇಲ್ಲಿ ಮುಖ್ಯ ಏನೆಂದರೆ ಟ್ರಿಮ್ ಮಾಡುವಾಗ ಬಟ್ಟೆಯ ಅಂಚನ್ನು ನಂಬಬಾರದು, ಹೊಲಿಗೆಯ ಗೆರೆಯನ್ನು ನಂಬಬೇಕು. ರೂಲರಿನ 45 ಡಿಗ್ರಿ ಗೆರೆ ಸರಿಯಾಗಿ ಹೊಲಿಗೆಯ ಮೇಲೆ ಕೂರಬೇಕು, ಎರಡು ಅಂಚು ಕತ್ತರಿಸಿ, ತಿರುಗಿಸಿ, ಇನ್ನೆರಡು ಅಂಚು. ಇದು ಮಾಮೂಲಿ ಚೌಕದ ರೂಲರಿನಲ್ಲೂ ಆಗುತ್ತದೆ. ಹತ್ತಿಪ್ಪತ್ತು ಮಾಡುವಷ್ಟಿದ್ದರೆ 6½ ಇಂಚಿನ ಚೌಕದ ರೂಲರ್ ಒಂದು ಸಾಕು.

ನೂರಾರು ಮಾಡುವುದಿದ್ದರೆ ಬ್ಲಾಕ್ ಲಾಕ್ ಅನ್ನುವ ರೂಲರ್ ನೋಡಿ. ಅದರ ಅಡಿಯಲ್ಲಿ ಮೂಲೆಯಿಂದ ಮೂಲೆಗೆ ಒಂದು ತೋಡು ಕೊರೆದಿರುತ್ತಾರೆ. ಹೊಲಿಗೆಯ ಮಾರ್ಜಿನ್ ಒಂದು ಕಡೆ ಮಡಚಿ ದಪ್ಪಗೆ ಏರಿರುತ್ತದಲ್ಲ, ಆ ಏರು ತೋಡಿನೊಳಗೆ ಕೂತುಕೊಳ್ಳುತ್ತದೆ. ರೂಲರನ್ನು ಹೊಲಿಗೆಯ ಮೇಲಿಟ್ಟು ಮೆಲ್ಲಗೆ ದೂಡಿದರೆ ಟಕ್ ಅಂತ ಸಿಕ್ಕಿಕೊಳ್ಳುವುದು ಬೆರಳಿಗೇ ಗೊತ್ತಾಗುತ್ತದೆ, ಆಮೇಲೆ ಅತ್ತಿತ್ತ ಓಡುವುದೇ ಇಲ್ಲ. ಒಂದು ಷರತ್ತು: ಮಾರ್ಜಿನನ್ನು ಗಾಢ ಬಣ್ಣದ ಕಡೆಗೆ ಮಡಚಿಯೇ ಇಸ್ತ್ರಿ ಮಾಡಿರಬೇಕು. ಎರಡು ಕಡೆಗೂ ಬಿಡಿಸಿ ಇಸ್ತ್ರಿ ಮಾಡುವ ಅಭ್ಯಾಸ ನಿಮ್ಮದಾದರೆ ಈ ರೂಲರ್ ನಿಮಗಲ್ಲ. ಒಂದೊಂದು ಅಳತೆಗೆ ಒಂದೊಂದು ಬರುತ್ತದೆ, ಆದರೆ ದೊಡ್ಡದೊಂದನ್ನು ಕೊಂಡರೆ ಅದಕ್ಕಿಂತ ಚಿಕ್ಕವನ್ನೂ ಅದರಲ್ಲೇ ಮಾಡಬಹುದು. ಸೆಟ್ ಕೊಳ್ಳಬೇಡಿ.

ನಿಮ್ಮ ಬ್ಲಾಕಿಗೆ ನಿಜವಾಗಿ ಬೇಕಿರುವುದು ಫ್ಲೈಯಿಂಗ್ ಗೀಸ್ (ದೊಡ್ಡ ತ್ರಿಕೋನದ ಎರಡೂ ಬದಿಗೆ ಚಿಕ್ಕ ತ್ರಿಕೋನ ಸೇರಿದ ಆಯತದ ತುಂಡು) ಟ್ರಿಮ್ ಮಾಡುವ ರೂಲರ್. 12 ಇಂಚಿನ (ಮಾರ್ಜಿನ್ ಸೇರಿ 12½) ಸಾಟೂತ್ ಸ್ಟಾರ್ ಅಂದರೆ ನಡುವೆ 6½ ಇಂಚಿನ ಚೌಕ, ಮೂಲೆಗೆ 3½ ಇಂಚಿನ ನಾಲ್ಕು ಚೌಕ, ಬದಿಗೆ 3½×6½ರ ನಾಲ್ಕು ಗೀಸ್. ಚೌಕಗಳಲ್ಲಿ ತಪ್ಪುವುದಕ್ಕೆ ಏನೂ ಇಲ್ಲ. ಮೊನೆ ಹೋಗುವುದೆಲ್ಲ ಗೀಸ್‌ನಲ್ಲೇ. ಒಂದೇ ಸಲಕ್ಕೆ ನಾಲ್ಕು ಮಾಡುವ ವಿಧಾನದಲ್ಲಿ ದೊಡ್ಡ ಚೌಕ 7¼, ಚಿಕ್ಕ ಚೌಕ ನಾಲ್ಕು 3⅞. ಟ್ರಿಮ್ ಮಾಡುವುದಕ್ಕೆ ದೊಡ್ಡದನ್ನು 7½, ಚಿಕ್ಕವನ್ನು 4⅛ ಮಾಡಿಕೊಳ್ಳಿ.

ಟ್ರಿಮ್ ಆದ ಗೀಸನ್ನು ಹತ್ತಿರದಿಂದ ನೋಡಿ. ಮೇಲಿನ ಮೊನೆ ಬಟ್ಟೆಯ ಅಂಚಿನಿಂದ ಸರಿಯಾಗಿ ಕಾಲು ಇಂಚು ಕೆಳಗೆ, ಎಡದಿಂದ ಬಲದಿಂದ 3¼ ಇಂಚಿನಲ್ಲಿ ಇರಬೇಕು. ಎರಡು ಓರೆ ಹೊಲಿಗೆಗಳು ಕೆಳಗೆ ಹೋಗಿ ಎರಡು ಮೂಲೆಗಳನ್ನೇ ಮುಟ್ಟಬೇಕು. ಮಾಮೂಲಿ ರೂಲರಿನಲ್ಲಿ ಇದನ್ನೆಲ್ಲ ಒಟ್ಟಿಗೆ ಕಣ್ಣಲ್ಲಿ ಹಿಡಿಯುವುದು ಕಷ್ಟ, ಆ ಕಡೆ ಸರಿ ಮಾಡುವಷ್ಟರಲ್ಲಿ ಈ ಕಡೆ ಜಾರಿರುತ್ತದೆ. ಗೀಸ್ ರೂಲರಿನಲ್ಲಿ ಮೊನೆಗೆ ಗುರುತು, ಓರೆಗೆ ಗೆರೆ ಅಥವಾ ತೋಡು ಎಲ್ಲ ಒಂದೇ ಕಡೆ ಇರುತ್ತವೆ. ಒಂದೇ ಒಂದು ಕೊಳ್ಳುತ್ತೇನೆ ಅನ್ನುವುದಾದರೆ ಇದನ್ನೇ ಕೊಳ್ಳಿ.

ರೂಲರ್ ಬಂದ ಮೇಲೂ ಮೊನೆ ಕಳೆದುಕೊಳ್ಳುವ ದಾರಿ ಒಂದಿದೆ. ಗೀಸನ್ನು ನಡುವಿನ ಚೌಕಕ್ಕೆ ಹೊಲಿಯುವಾಗ ಯಾವಾಗಲೂ ಗೀಸಿನ ಹಿಂಬದಿ ಮೇಲೆ ಬರುವಂತೆ ಇಡಿ. ಎರಡು ಹೊಲಿಗೆ ಒಂದನ್ನೊಂದು ದಾಟಿದ ಜಾಗದಲ್ಲಿ ಸಣ್ಣ ಗುಣಾಕಾರದ ಗುರುತು ಕಾಣುತ್ತದೆ. ನಿಮ್ಮ ಹೊಲಿಗೆ ಆ ಗುರುತಿಗಿಂತ ಒಂದು ಎಳೆ ಹೊರಗೆ, ಅಂಚಿನ ಕಡೆಗೆ ಹೋಗಲಿ. ಒಳಗೆ ಹೋದರೆ ಮೊನೆ ಹೋಯಿತು.

ನಡುವಿನ ಚೌಕದ ಸುತ್ತ ಪಟ್ಟಿ ಹೊಲಿಯುತ್ತಾ ಹೋಗುವ ಲಾಗ್ ಕ್ಯಾಬಿನ್ ಬ್ಲಾಕಿಗೂ ಇದೇ ಮಾತು. ಪ್ರತಿ ಸುತ್ತು ಮುಗಿದ ಮೇಲೆ ಟ್ರಿಮ್ ಮಾಡುವ ರೂಲರ್ ಸಿಗುತ್ತದೆ, ಚೆನ್ನಾಗಿದೆ.

ಈಗ ಅಪವಾದ. 45 ಡಿಗ್ರಿ ಅಲ್ಲದ ಕೋನ ಬಂದಾಗ ಕತ್ತರಿಸುವ ರೂಲರೇ ಬೇಕಾಗುತ್ತದೆ. ಚೌಕದೊಳಗೆ ಉದ್ದ ಮೂತಿಯ ತ್ರಿಕೋನ ಇರುವ ಬ್ಲಾಕಿಗೆ ಟ್ರೈ-ರೆಕ್ಸ್ ಅಂತ ಎರಡು ರೂಲರಿನ ಜೋಡಿ ಇದೆ. ಒಂದು ನಡುವಿನ ತ್ರಿಕೋನಕ್ಕೆ, ಇನ್ನೊಂದು ಬದಿಗಳಿಗೆ. ಬದಿಯ ತುಂಡಿನ ತುದಿಯಲ್ಲಿ ಒಂದು ಚೂರು ಕತ್ತರಿಸಿ ತೆಗೆಯಬೇಕು, ಜೋಡಿಸುವಾಗ ಯಾವ ಮೂಲೆ ಎಲ್ಲಿ ಕೂರಬೇಕು ಅಂತ ಅದೇ ಹೇಳುತ್ತದೆ. ಬದಿಯ ತುಂಡುಗಳನ್ನು ಬಟ್ಟೆ ಮಡಚಿಯೇ ಕತ್ತರಿಸಿ, ಎಡಕ್ಕೊಂದು ಬಲಕ್ಕೊಂದು ಒಟ್ಟಿಗೆ ಬರುತ್ತವೆ. ದಳಗಳನ್ನು ತಟ್ಟೆಯಂತೆ ಸುತ್ತ ಜೋಡಿಸುವ ಡ್ರೆಸ್ಡನ್ ಪ್ಲೇಟ್ ಕೂಡ ಹಾಗೆಯೇ. ಸಾಮಾನ್ಯವಾಗಿ 18 ಡಿಗ್ರಿಯ 20 ದಳ ಸೇರಿ 360 ಆಗುತ್ತದೆ. ಒಂದೊಂದರಲ್ಲಿ 1 ಡಿಗ್ರಿ ತಪ್ಪಿದರೂ ಸುತ್ತು ಮುಗಿಯುವಾಗ 20 ಡಿಗ್ರಿ ವ್ಯತ್ಯಾಸ, ನಡುವೆ ಬುಟ್ಟಿಯಂತೆ ಉಬ್ಬುತ್ತದೆ. 60 ಡಿಗ್ರಿ ತ್ರಿಕೋನಕ್ಕೆ ಮಾತ್ರ ಬೇರೆ ರೂಲರ್ ಬೇಡ, ನಿಮ್ಮ 6×24ರಲ್ಲೇ ಆ ಗೆರೆ ಇರುತ್ತದೆ, ನೋಡಿ.

ಆನ್‌ಲೈನಿನಲ್ಲಿ ಕೊಳ್ಳುವಾಗ ಇಂಚಿನದೋ ಸೆಂಟಿಮೀಟರಿನದೋ ಅಂತ ಓದಿಕೊಳ್ಳಿ. ಅಮೆರಿಕದ ಪ್ಯಾಟರ್ನ್‌ಗಳೆಲ್ಲ ಇಂಚಿನಲ್ಲಿ. ಕಾಲು ಇಂಚು ಅಂದರೆ 6.35 ಮಿಲಿಮೀಟರ್, ಅದನ್ನು ಸೆಂಟಿಮೀಟರ್ ರೂಲರಿನಲ್ಲಿ ಹಿಡಿಯಲು ಹೋಗಬೇಡಿ. ಒಂದು ಕ್ವಿಲ್ಟ್ ಪೂರ್ತಿ ಒಂದೇ ಕಂಪನಿಯ ರೂಲರ್ ಬಳಸಿದರೆ ಒಳ್ಳೆಯದು, ಗೆರೆಯ ದಪ್ಪ ಒಬ್ಬೊಬ್ಬರದು ಒಂದೊಂದು ಥರ. ಗೆರೆಯನ್ನು ಬಟ್ಟೆಯ ಮೇಲೆ ಇಡುತ್ತೀರೋ ಹೊರಗೆ ಇಡುತ್ತೀರೋ ತೀರ್ಮಾನ ಮಾಡಿಕೊಂಡು ಕೊನೆಯವರೆಗೂ ಹಾಗೇ ಮಾಡಿ. ಮ್ಯಾಟ್ ಮೇಲಿನ ಗೆರೆಯಲ್ಲಿ ಅಳೆಯಬೇಡಿ. ಇನ್ನು ಕತ್ತರಿಸುವ ಮೊದಲು ಬಟ್ಟೆಗೆ ಗಂಜಿ ಹಾಕಿ, ಕಾಟನ್ ಸೀರೆಗೆ ಹಾಕುತ್ತೇವಲ್ಲ ಅದೇ ಗಂಜಿ, ಸ್ವಲ್ಪ ತೆಳ್ಳಗೆ. ಕ್ರಾಸ್ ಅಂಚು ಹಿಗ್ಗುವುದು ಎಷ್ಟೋ ಕಡಿಮೆಯಾಗುತ್ತದೆ. ಇಸ್ತ್ರಿ ಪೆಟ್ಟಿಗೆಯನ್ನು ಉಜ್ಜಬೇಡಿ, ಎತ್ತಿ ಎತ್ತಿ ಒತ್ತಿ.

ಅಜ್ಜಿಯ ಕೌದಿ ವಿಷಯ ನೀವು ಕೇಳಿದ್ದು ನನಗೆ ಖುಷಿಯಾಯಿತು. ಆದರೆ ಅಲ್ಲಿ ಕೆಲಸದ ರೀತಿಯೇ ಬೇರೆ. ಕೌದಿಯಲ್ಲಿ ಕೆಳಗೆ ಒಂದು ಪೂರ್ತಿ ಬಟ್ಟೆ ಇರುತ್ತದೆ, ತುಂಡುಗಳನ್ನು ಅದರ ಮೇಲಿಟ್ಟು ಹೊಲಿಯುತ್ತಾ ಹೋಗುತ್ತಾರೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಹೊರಗಿನ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಜಾಗ ಎಷ್ಟು ಉಳಿದಿದೆಯೋ ಅಷ್ಟಕ್ಕೆ ತುಂಡು ಹುಡುಕುತ್ತಾರೆ, ಅಂಚು ಮಡಚುತ್ತಾರೆ, ಮುಂದೆ ಹೋಗುತ್ತಾರೆ. ಪಕ್ಕದ ತುಂಡಿಗೆ ಮೊದಲೇ ಗೊತ್ತುಮಾಡಿದ ಅಳತೆ ಇಲ್ಲ, ಅಲ್ಲಿ ಕಣ್ಣು ಮತ್ತು ಕೈಯೇ ಅಳತೆ. ಅದು ದೊಡ್ಡ ವಿದ್ಯೆ. ನೀವು ಹೊಲಿಯುತ್ತಿರುವುದರಲ್ಲಿ ಒಂದೊಂದು ಬ್ಲಾಕ್ ಬೇರೆ ಬೇರೆಯಾಗಿ ತಯಾರಾಗಿ ಆಮೇಲೆ ಪಕ್ಕದ್ದಕ್ಕೆ ಹೊಂದಬೇಕು. ಅದಕ್ಕೆ ರೂಲರ್ ಬೇಕು.

ಈಗಾಗಲೇ ಹೊಲಿದ ಬ್ಲಾಕ್‌ಗಳನ್ನು ಬಿಚ್ಚಬೇಡಿ. ಎಲ್ಲವನ್ನೂ 12¼ಕ್ಕೆ ಕತ್ತರಿಸಿ ಸಮ ಮಾಡುವ ಕೆಲಸವನ್ನಂತೂ ಮಾಡಲೇಬೇಡಿ, ಇರುವ ಮೊನೆಗಳೂ ಹೋಗುತ್ತವೆ. ಹಿನ್ನೆಲೆಗೆ ಬಳಸಿದ ಬಟ್ಟೆಯಲ್ಲೇ 1½ ಇಂಚಿನ ಪಟ್ಟಿ ಕತ್ತರಿಸಿ ಪ್ರತಿ ಬ್ಲಾಕಿನ ಸುತ್ತ ಚೌಕಟ್ಟಿನಂತೆ ಹೊಲಿಯಿರಿ. 12¼ರ ಬ್ಲಾಕ್ 14¼ ಆಗುತ್ತದೆ, 12¾ರದು 14¾. ಆಮೇಲೆ ನಕ್ಷತ್ರದ ನಡುವನ್ನು ಗುರುತು ಮಾಡಿ, ಅಲ್ಲಿಂದ ನಾಲ್ಕೂ ಕಡೆಗೆ 7 ಇಂಚು ಅಳೆದು ಎಲ್ಲವನ್ನೂ 14 ಇಂಚಿಗೆ ತನ್ನಿ. ಚೌಕಟ್ಟು ಒಂದರಲ್ಲಿ ಇನ್ನೊಂದಕ್ಕಿಂತ ಕಾಲು ಇಂಚು ಜಾಸ್ತಿ ಅಗಲ ಇರುತ್ತದೆ, ಆದರೆ ಹಿನ್ನೆಲೆಯ ಬಟ್ಟೆಯಲ್ಲೇ ಸೇರಿಹೋಗುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಇದಕ್ಕೆ ನಿಮ್ಮ 6×24 ರೂಲರೇ ಸಾಕು.