ಆರು ಮೈಲಿ ಆಫೀಸಿಗೆ ಐದು ಮೀಟರ್ ಕಾರು ಯಾಕೆ ತಮ್ಮಾ?

ನಿನ್ನ ಪ್ರಶ್ನೆ ಓದಿದೆ. ಇಂಗ್ಲೆಂಡಿನಲ್ಲಿ, ಬರ್ಮಿಂಗ್‌ಹ್ಯಾಮ್ ಪಕ್ಕದ ಸೋಲಿಹಲ್‌ನಲ್ಲಿ ಬಾಡಿಗೆ ಮನೆ, ಆಫೀಸಿಗೆ ಆರು ಮೈಲಿ, ಬಂದು ನಾಲ್ಕು ತಿಂಗಳು. ಹೆಂಡತಿ, ಮಗು ಬರುವಷ್ಟರಲ್ಲಿ ಮನೆ ಮುಂದೆ 2014ರ ಡೀಸೆಲ್ ಕಾರು, ಬಿಎಂಡಬ್ಲ್ಯು 520ಡಿ, ನಿಂತಿರಬೇಕು ಅಂತ ಆಸೆ. 95 ಸಾವಿರ ಮೈಲಿ ಓಡಿದೆ, ಆರೂವರೆ ಸಾವಿರ ಪೌಂಡ್ ಹೇಳ್ತಿದ್ದಾರೆ. "ಅಣ್ಣ, ದಾವಣಗೆರೆಯಲ್ಲಿ ಈ ದುಡ್ಡಿಗೆ ಒಂದು ಸ್ವಿಫ್ಟ್ ಬರುತ್ತೆ ಅಷ್ಟೆ, ತಗೊಳ್ಳಲಾ?" ಅಂತ ಕೇಳಿದ್ದೀಯ.

ತಗೋಬೇಡ. ಆದರೆ ಇಷ್ಟು ಹೇಳಿದರೆ ನೀನು ಕೇಳಲ್ಲ ಅಂತ ಗೊತ್ತು. ನಾನೂ ಕೇಳ್ತಿರಲಿಲ್ಲ.

ನಾನು 2006ರಲ್ಲಿ ಕೊವೆಂಟ್ರಿಗೆ ಬಂದವನು. ಫೋಲ್ಸ್‌ಹಿಲ್ ರೋಡಿನ ಅಂಗಡಿಯಲ್ಲಿ ಸೋನಾ ಮಸೂರಿ ಚೀಲ ಕೊಂಡು, ಮಳೆಯಲ್ಲಿ ಬಸ್ಸಿಗೆ ಕಾದು, ಮನೆ ಮುಟ್ಟುವಷ್ಟರಲ್ಲಿ ಚೀಲದ ಹಿಡಿ ಕಿತ್ತು ಅಕ್ಕಿ ಫುಟ್‌ಪಾತಿನ ಪಾಲಾಗಿತ್ತು. ಅವತ್ತೇ ಕಾರು ತಗೊಳ್ಳೋದು ಅಂತ ತೀರ್ಮಾನ ಮಾಡಿದ್ದು. ಮೊದಲು ಒಂದು ಸಣ್ಣ ಕಾರು. ಆಮೇಲೆ ಬಿಸ್ಟರ್ ಕಡೆ ಕೆಲಸ ಸಿಕ್ಕಾಗ ಜರ್ಮನಿಯದೇ ಒಂದು ದೊಡ್ಡ ಡೀಸೆಲ್. ಸುಳ್ಳು ಯಾಕೆ ಹೇಳಲಿ, ಆ ಸೀಟಿನ ಸುಖವೇ ಬೇರೆ. 70 ಮೈಲಿ ವೇಗದಲ್ಲಿ ಎಂಜಿನ್ ಗೊಣಗುವುದೂ ಇಲ್ಲ; ಏರು ಬಂದರೆ ಗೇರು ಇಳಿಸಬೇಕಿಲ್ಲ; ಗ್ಯಾಲನ್ನಿಗೆ ಐವತ್ತು ಮೈಲಿ, ಅಂದರೆ ನಮ್ಮ ಲೆಕ್ಕದಲ್ಲಿ ಲೀಟರಿಗೆ ಹದಿನೇಳು ಕಿಲೋಮೀಟರಿನ ಮೇಲೆ. ಆ ಗಾತ್ರದ ಕಾರಿಗೆ ಅದು ಕಮ್ಮಿಯಲ್ಲ. ಆದರೆ ನಾನು ದಿನಾ ಎಂ40 ಮೋಟಾರ್‌ವೇನಲ್ಲಿ ಹೋಗಿ ಬರ್ತಿದ್ದೆ. ಆ ಕಾರು ಹುಟ್ಟಿದ್ದೇ ಆ ಕೆಲಸಕ್ಕೆ.

ನಿನ್ನದು ಆರು ಮೈಲಿ. ಎಂಜಿನ್ ಬಿಸಿಯಾಗುವಷ್ಟರಲ್ಲಿ ನೀನು ಆಫೀಸಿನ ಬ್ಯಾರಿಯರ್ ಮುಂದೆ ಇರ್ತೀಯ. ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತೆ, ಡೀಸೆಲ್ ಮಸಿಯನ್ನು ಹಿಡಿಯುವುದು ಅದರ ಕೆಲಸ. ತುಂಬಿದ ಮೇಲೆ ಕಾರು ತಾನೇ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು ಫಿಲ್ಟರನ್ನು 600 ಡಿಗ್ರಿಯ ಆಸುಪಾಸಿಗೆ ಕಾಯಿಸಿ ಮಸಿ ಸುಡುತ್ತೆ. ಅದಕ್ಕೆ ಹತ್ತಿಪ್ಪತ್ತು ನಿಮಿಷ ಒಂದೇ ಹದದ ಓಟ ಬೇಕು. ನೀನು ಮಧ್ಯದಲ್ಲೇ ಕೀಲಿ ತಿರುಗಿಸಿ ಇಳಿದುಬಿಡ್ತೀಯ. ಕಾರು ಆಫ್ ಮಾಡಿದ ಮೇಲೂ ಮುಂದಿನ ಫ್ಯಾನ್ ಹೋ ಅಂತ ಓಡ್ತಿದೆ, ಕಾದ ಕಬ್ಬಿಣದ ವಾಸನೆ ಬರ್ತಿದೆ ಅಂದರೆ ಸುಡುವ ಕೆಲಸ ಅರ್ಧಕ್ಕೆ ನಿಂತಿದೆ ಅಂತ ತಿಳಿ. ಹೀಗೇ ನಾಲ್ಕಾರು ಸಲ ಆದರೆ ಸುಡದೆ ಉಳಿದ ಡೀಸೆಲ್ ಎಂಜಿನ್ ಆಯಿಲ್ ಜೊತೆ ಸೇರುತ್ತೆ, ಫಿಲ್ಟರ್ ಕಟ್ಟಿಕೊಳ್ಳುತ್ತೆ. ಕ್ಲೀನ್ ಮಾಡಿಸೋಕೆ ನೂರಾರು ಪೌಂಡ್, ಹೊಸದು ಹಾಕಿಸೋಕೆ ಸಾವಿರದ ಮೇಲೆ. ಯಾರೋ "ಒಳಗಿನದನ್ನು ತೆಗೆದು ಖಾಲಿ ಡಬ್ಬಿ ಕೂರಿಸಿಕೊಡ್ತೀನಿ" ಅಂತ ಬರ್ತಾರೆ. ನಮ್ಮೂರ ಗ್ಯಾರೇಜಿನ ಬುದ್ಧಿ ಇಲ್ಲಿ ನಡೆಯಲ್ಲ. 2014ರ ಫೆಬ್ರವರಿಯಿಂದ ಫಿಲ್ಟರ್ ತೆಗೆದ ಕಾರು ಎಂಒಟಿಯಲ್ಲಿ, ಅಂದರೆ ಇಲ್ಲಿಯ ವರ್ಷ ವರ್ಷದ ವಾಹನ ತಪಾಸಣೆಯಲ್ಲಿ, ಫೇಲು.

ಇನ್ನೊಂದು, ಆ ಕಾರಿನಲ್ಲೇ ನೋಡಬೇಕಾದ್ದು. 2014ರ ನಡುವಿನವರೆಗೆ ಬಂದ 520ಡಿಯಲ್ಲಿ ಎನ್47 ಎಂಜಿನ್, ಆಮೇಲೆ ಬಿ47. ಎನ್47ರ ಟೈಮಿಂಗ್ ಚೈನ್ (ಎಂಜಿನ್ನಿನ ಒಳಭಾಗಗಳನ್ನು ಒಂದೇ ತಾಳಕ್ಕೆ ತಿರುಗಿಸುವ ಸರಪಳಿ) ಎಂಜಿನ್ನಿನ ಹಿಂಬದಿಗೆ, ಗೇರ್‌ಬಾಕ್ಸ್ ಕಡೆಗಿದೆ. ಅದು ಸಡಿಲಾಗಿ ಸದ್ದು ಮಾಡಿದರೆ ಮುಂದಿನಿಂದ ಕೈ ಹಾಕೋಕೆ ಆಗಲ್ಲ, ಎಲ್ಲಾ ಬಿಚ್ಚಬೇಕು. ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಹೋಗಿ ಸ್ಟಾರ್ಟ್ ಮಾಡಿಸಿ ಕೇಳು. ಮಾರುವವನು ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಬಾನೆಟ್ ಮುಟ್ಟಿದರೆ ಗೊತ್ತಾಗುತ್ತೆ. ಎರಡರಲ್ಲಿ ಯಾವ ಎಂಜಿನ್ ಅಂತ ಗೊತ್ತಾದರೆ ಇನ್ನೊಂದು ವಿಷಯವೂ ಹೆಚ್ಚುಕಮ್ಮಿ ತಿಳಿಯುತ್ತೆ, ಹೊಗೆಯ ಮಾನದಂಡ ಯೂರೋ 5 ಆ, ಅದಕ್ಕಿಂತ ಬಿಗಿಯಾದ ಯೂರೋ 6 ಆ ಅಂತ. ಬರ್ಮಿಂಗ್‌ಹ್ಯಾಮ್ ನಡುವಿನ ಕ್ಲೀನ್ ಏರ್ ವಲಯಕ್ಕೆ ಯೂರೋ 6 ಅಲ್ಲದ ಡೀಸೆಲ್ ಹೋದರೆ ದಿನಕ್ಕೆ 8 ಪೌಂಡ್, 2021ರ ಜೂನ್‌ನಿಂದ. ಲಂಡನ್‌ನಲ್ಲಿ 12.50, ಅದೂ 2023ರ ಆಗಸ್ಟ್‌ನಿಂದ ಇಡೀ ಲಂಡನ್ನಿಗೆ. ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆಗೆ ಕೈ ಮುಗಿಯೋಕೆ ಹೆಂಡತಿಯನ್ನು ಕರ್ಕೊಂಡು ಹೋದರೂ ಕ್ಯಾಮೆರಾಗೆ ಭಕ್ತಿ ಗೊತ್ತಾಗಲ್ಲ. ಟಿವಿಡೇಲ್‌ನ ಬಾಲಾಜಿ ದೇವಸ್ಥಾನ ಮಾತ್ರ ವಲಯದ ಹೊರಗಿದೆ, ಅಷ್ಟು ಸಮಾಧಾನ.

ಇಷ್ಟು ಕಿರಿಕಿರಿ ಇದ್ದರೂ ಇಲ್ಲಿ ಇಷ್ಟೊಂದು ಡೀಸೆಲ್ ಯಾಕಿತ್ತು ಅಂದರೆ, 2001ರಲ್ಲಿ ರಸ್ತೆ ತೆರಿಗೆಯನ್ನು ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕೆ ಕಟ್ಟಿದರು. ಡೀಸೆಲ್ ಅದನ್ನು ಕಮ್ಮಿ ಬಿಡುತ್ತೆ, ಜನ ಮುಗಿಬಿದ್ದರು. 2015ರ ಸೆಪ್ಟೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿದ ಹಗರಣ ಹೊರಬಿದ್ದ ಮೇಲೆ ಅದೇ ಡೀಸೆಲ್ ಕೆಟ್ಟದಾಯಿತು. ಹಳೇ ಡೀಸೆಲ್ಲಿಗೆ ಈಗಲೂ ತೆರಿಗೆ ಕಮ್ಮಿ, ನೀನು ನೋಡಿದ ಕಾರಿನ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿರುವುದೂ ಅದನ್ನೇ. ಆದರೆ ಊರಿನ ಹಾಗೆ ಡೀಸೆಲ್ ಅಗ್ಗ ಅಂದ್ಕೋಬೇಡ. ಇಲ್ಲಿ ಪೆಟ್ರೋಲಿಗಿಂತ ಡೀಸೆಲ್ಲೇ ದುಬಾರಿ.

ಇನ್ಶೂರೆನ್ಸ್ ಕೇಳಿದ್ದೀಯ. ಇಂಡಿಯಾ ಲೈಸೆನ್ಸ್ ಮೇಲೆ ಆ ಕಾರಿಗೆ ಒಂದು ಕೋಟ್ ತೆಗೆದು ನೋಡು, ನಾನು ಹೇಳಬೇಕಾದ್ದೇ ಇರಲ್ಲ. ಲೈಸೆನ್ಸ್ ಒಂದು ವರ್ಷ ನಡೆಯುತ್ತೆ, ಆಮೇಲೆ ಇಲ್ಲಿಯ ಟೆಸ್ಟು ಪಾಸಾಗಲೇಬೇಕು, ಅದಲುಬದಲು ಇಲ್ಲ. ಡೇಟ್ ಸಿಗೋಕೆ ತಡ, ಇವತ್ತೇ ಪ್ರಾವಿಷನಲ್‌ಗೆ, ಅಂದರೆ ಇಲ್ಲಿಯ ಎಲ್‌ಎಲ್‌ಗೆ, ಅರ್ಜಿ ಹಾಕು.

ಈಗ ನೀನು ಕೇಳದ ಮಾತು. ಬಿಸ್ಟರ್ ಕೆಲಸ ಬಿಟ್ಟೆ, ಕೋವಿಡ್ ಬಂತು, ಮನೆಯೇ ಆಫೀಸಾಯಿತು. ಕಾರು ಸ್ಕೂಲು, ಸೂಪರ್‌ಮಾರ್ಕೆಟ್ಟು, ಇಷ್ಟಕ್ಕೇ. ಫಿಲ್ಟರಿನ ಹಳದಿ ದೀಪ ಬಂತು. ಗ್ಯಾರೇಜಿನವನು "ವಾರಕ್ಕೊಮ್ಮೆ ಮೋಟಾರ್‌ವೇಗೆ ಹೊಡ್ಕೊಂಡು ಹೋಗು" ಅಂದ. ಸರಿ, ಭಾನುವಾರ ಬೆಳಿಗ್ಗೆ ನಾನೊಬ್ಬನೇ ಎಂ42ಯಿಂದ ಎಂ40ಗೆ ಇಳಿದು ಬ್ಯಾನ್‌ಬರಿವರೆಗೆ ಹೋಗಿ, ಅಲ್ಲೇ ತಿರುಗಿಸಿ ಬರ್ತಿದ್ದೆ. ಎಲ್ಲೂ ಇಳಿಯೋದಿಲ್ಲ, ಏನೂ ಕೊಳ್ಳೋದಿಲ್ಲ. ನನ್ನವಳು "ಮಸಿ ಸುಡೋಕೆ ಹೊರಟ್ರು" ಅಂತ ಮಕ್ಕಳಿಗೆ ಹೇಳಿ ನಗೋಳು. ಆ ಹೊತ್ತಿಗೆ ಹರಿಹರದಲ್ಲಿ ಅಮ್ಮನ ಅಡಿಗೆ ಮುಗಿದಿರೋದು. ಕಾರಿನ ಸ್ಪೀಕರಿನಲ್ಲಿ ಫೋನು ಹಾಕಿದರೆ ಬೀದಿ ಸುದ್ದಿಯೆಲ್ಲ ಹೇಳೋರು, ಯಾರ ಮನೆ ಬೋರು ಬತ್ತಿತು, ಯಾರ ಮಗಳಿಗೆ ಗಂಡು ಬಂತು. "ಎಲ್ಲಿಗೆ ಹೊಂಟೀಯೋ?" ಅಂದರೆ "ಎಲ್ಲಿಗೂ ಇಲ್ಲಮ್ಮ" ಅನ್ನೋದು. "ಹಂಗಾರ ನಿಧಾನಕ್ಕೆ ಹೋಗು" ಅನ್ನೋರು.

ಬರ್ಮಿಂಗ್‌ಹ್ಯಾಮ್ ವಲಯ ಶುರುವಾದ ಮೇಲೆ ಮಾರಿದೆ. ನನ್ನದು ಯೂರೋ 5. ಮಾರಿದ್ದಕ್ಕೆ ಬೇಸರವಿಲ್ಲ, ಈಗಿನ ಹೈಬ್ರಿಡ್ ಏನೂ ಕೇಳಲ್ಲ. ಸುಡುವ ಮಸಿ ಇಲ್ಲವಲ್ಲ, ಭಾನುವಾರ ಹೊರಡೋಕೆ ನೆಪವೂ ಇಲ್ಲ. ಫೋನು ವಿಡಿಯೋ ಕಾಲಾಯಿತು, ಎಲ್ಲರೂ ಒಂದೊಂದು ಸಲ ಮುಖ ತೋರಿಸಿ ಹತ್ತು ನಿಮಿಷಕ್ಕೆ ಮುಗಿಯುತ್ತೆ. ಈಗ ಅಮ್ಮನಿಗೆ ಕಿವಿ ಮಂದ, ಫೋನಿನಲ್ಲಿ ಉದ್ದ ಮಾತು ಆಗಲ್ಲ. ಕೇಳಿಸ್ತಿದ್ದ ಕಾಲದಲ್ಲಿ ಸುಮ್ಮನೆ ಕುರ್ಚಿಯಲ್ಲಿ ಕೂತು ಅಷ್ಟು ಹೊತ್ತು ಮಾತಾಡಬಹುದಿತ್ತು, ಅದಕ್ಕೆ ಕಾರು ಯಾಕೆ ಬೇಕಿತ್ತು ಅಂತ ಈಗಲೂ ಅನ್ನಿಸುತ್ತೆ. ನೀನು ದಾವಣಗೆರೆಗೆ ದಿನಾ ಫೋನು ಮಾಡ್ತಿಯೋ, ವಾರಕ್ಕೊಮ್ಮೆಯೋ?

ಬೀಗರ ವಿಷಯ ನೀನು ಬರೆಯದಿದ್ದರೂ ನನಗೆ ಅರ್ಥ ಆಗುತ್ತೆ. ಕಾರಿನ ಮುಂದೆ ನಿಂತ ಫೋಟೋ ಊರಿಗೆ ಹೋಗಬೇಕು. ಹೋಗಲಿ, ಬಾಡಿಗೆಗೆ ಒಂದು ವಾರ ತಗೊಂಡು ಸ್ಕಾಟ್ಲೆಂಡ್ ಸುತ್ತಿಸು, ಫೋಟೋ ಕಳಿಸು. ಇಲ್ಲಿ ನಿನ್ನ ಕಾರು ನೋಡಿ ಯಾರೂ ಎದ್ದು ನಿಲ್ಲಲ್ಲ. ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ದೊಡ್ಡ ಮನೆಯಾಕೆ ಓಡಿಸುವುದು ಮಿರರ್‌ಗೆ ಟೇಪು ಸುತ್ತಿದ ಫಿಯೆಸ್ಟಾ. ಮತ್ತೆ ಇಲ್ಲಿಯ ಪಾರ್ಕಿಂಗ್ ಗೆರೆ ಸಾಮಾನ್ಯವಾಗಿ 4.8 ಮೀಟರ್ ಉದ್ದ, ನಿನ್ನ ಕಾರು 4.9. ಮೂತಿ ಹೊರಗೇ ಇರುತ್ತೆ.

ದೊಡ್ಡದೇ ಬೇಕು ಅಂದರೆ ಪೆಟ್ರೋಲಿನ ಸ್ಕೋಡಾ ಸೂಪರ್ಬ್ ನೋಡು, ಹಿಂದಿನ ಸೀಟಿನಲ್ಲಿ ನಿಮ್ಮಪ್ಪ ಕಾಲು ಮಡಚಿ ಕೂರಬಹುದು. ಅಷ್ಟಾದರೂ ಮನಸ್ಸು ಆ ಡೀಸೆಲ್ ಮೇಲೇ ಇದ್ದರೆ ನಂಬರ್ ಪ್ಲೇಟ್ ಕಳಿಸು. ಎಂಒಟಿ ಹಿಸ್ಟರಿ ಸರ್ಕಾರದ ಸೈಟಿನಲ್ಲಿ ಪುಕ್ಕಟೆ, ಪ್ರತಿ ವರ್ಷದ ಮೈಲಿ ಕಾಣುತ್ತೆ. ವರ್ಷಕ್ಕೆ ಮೂರು ಸಾವಿರ ಮೈಲಿ ಮಾತ್ರ ಓಡಿದ ವರ್ಷಗಳಿದ್ದರೆ ಫಿಲ್ಟರಿನ ಕಥೆ ಮುಗಿದಿರುತ್ತೆ. ಕಾರಿನ ಮೇಲೆ ಸಾಲ ಬಾಕಿ ಇದೆಯಾ ಅಂತ ದುಡ್ಡು ಕೊಟ್ಟಾದರೂ ಚೆಕ್ ಮಾಡಿಸು. ಲಾಗ್‌ಬುಕ್ (ನಮ್ಮ ಆರ್‌ಸಿ ಇದ್ದ ಹಾಗೆ) "ಪೋಸ್ಟಲ್ಲಿ ಬರ್ತಿದೆ" ಅಂದರೆ ಅಡ್ವಾನ್ಸ್ ಕೊಡದೆ ಎದ್ದು ಬಾ.