ಅಷ್ಟು ಬಣ್ಣವಿದ್ದರೂ ಮೀನು ಯಾಕೆ ತಿನ್ನಲ್ಲ?

ಪ್ರಶ್ನೆ: ಸೀ ಸ್ಲಗ್ ಎಂಬ ಚಿಪ್ಪಿಲ್ಲದ ಸಮುದ್ರದ ಬಸವನಹುಳುಗಳ ಫೋಟೋ ನೋಡಿದೆ. ಮೈ ಮೆತ್ತಗೆ, ನಡಿಗೆ ನಿಧಾನ, ಬಣ್ಣ ಮಾತ್ರ ಕಣ್ಣಿಗೆ ಹೊಡೆಯುವಂತಿದೆ. ಮೀನುಗಳು ಇವನ್ನು ತಿನ್ನದೆ ಬಿಡುವುದು ಹೇಗೆ? ನನ್ನ ಉಪ್ಪುನೀರಿನ ಅಕ್ವೇರಿಯಂನಲ್ಲಿ ಒಂದನ್ನು ಸಾಕಬಹುದೇ?

ಉತ್ತರ: ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಬೇಡ. ಯಾಕೆ ಬೇಡ ಅನ್ನುವುದು ಮೊದಲ ಪ್ರಶ್ನೆಯ ಉತ್ತರದಲ್ಲೇ ಇದೆ.

ನೀವು ನೋಡಿದ್ದು ನುಡಿಬ್ರಾಂಕ್ ಎಂಬ ಗುಂಪಿನ ಸೀ ಸ್ಲಗ್ ಇರಬೇಕು. ಇವುಗಳಲ್ಲಿ 3,000ದಷ್ಟು ಜಾತಿಗಳು ಗೊತ್ತಾಗಿವೆ. ಮರಿಯಾಗಿದ್ದಾಗ ಪುಟ್ಟ ಚಿಪ್ಪು ಇರುತ್ತದೆ, ಆಮೇಲೆ ಕಳಚಿಹೋಗುತ್ತದೆ. ಅಲ್ಲಿಂದ ಮುಂದೆ ಕಾಪಾಡುವುದು ತಿಂದ ಊಟವೇ. ಸ್ಪಾಂಜ್‌ಗಳು ಬಂಡೆಗೆ ಅಂಟಿಕೊಂಡ ಜೀವಿಗಳು, ಓಡಲಾರವು. ಹಾಗಾಗಿ ಎಷ್ಟೋ ಸ್ಪಾಂಜ್‌ಗಳ ಮೈಯಲ್ಲಿ ವಿಷವಿರುತ್ತದೆ. ಸ್ಲಗ್ ಅದನ್ನು ತಿಂದು, ವಿಷವನ್ನು ತನ್ನ ಚರ್ಮದಲ್ಲಿ ಇಟ್ಟುಕೊಳ್ಳುತ್ತದೆ. ಒಮ್ಮೆ ಕಚ್ಚಿದ ಮೀನು ಥೂ ಎಂದು ಉಗಿದು, ಆ ಬಣ್ಣವನ್ನು ನೆನಪಿಟ್ಟುಕೊಳ್ಳುತ್ತದೆ.

ಇನ್ನು ಕೆಲವು ಇನ್ನೂ ಚಾಲಾಕಿ. ನೀಲಿ ಗ್ಲಾಕಸ್ ಮೂರು ಸೆಂಟಿಮೀಟರ್ ಇದ್ದರೆ ಜಾಸ್ತಿ. ಹೊಟ್ಟೆಗೆ ಗಾಳಿ ನುಂಗಿ, ಅಂಗಾತ ತೇಲುತ್ತಾ, ಪೋರ್ಚುಗೀಸ್ ಮ್ಯಾನ್ ಆಫ್ ವಾರ್ ಎಂಬ ಕುಟುಕುವ ಜೀವಿಯನ್ನೇ ತಿನ್ನುತ್ತದೆ. ಅದರ ಕುಟುಕು ಕೋಶಗಳನ್ನು ಹಾಳುಮಾಡದೆ ತನ್ನ ಬೆರಳಿನಂಥ ತುದಿಗಳಿಗೆ ಸಾಗಿಸಿಕೊಳ್ಳುತ್ತದೆ. ದಡದಲ್ಲಿ ಬಿದ್ದಿರುವುದು ಕಂಡರೂ ಮುಟ್ಟಬೇಡಿ.

ಇಷ್ಟೆಲ್ಲ ಬಣ್ಣ ಸಂಗಾತಿಗಾಗಿ ಅಂದುಕೊಳ್ಳಬೇಡಿ. ಇವುಗಳ ಕಣ್ಣಿಗೆ ಬೆಳಕು, ಕತ್ತಲೆ ಬಿಟ್ಟು ಹೆಚ್ಚೇನೂ ತಿಳಿಯದು. ಪಾಪ, ತಮ್ಮ ಚೆಂದ ತಮಗೇ ಕಾಣದು! ತಲೆಯ ಮೇಲಿನ ಎರಡು ಕೊಂಬುಗಳಿಂದ ವಾಸನೆ ಹಿಡಿದೇ ಒಂದನ್ನೊಂದು ಹುಡುಕುತ್ತವೆ.

ಡೈವ್ ಮಾಡುವಾಗ ನಾನು ಸ್ಲಗ್ ಹುಡುಕುವುದಿಲ್ಲ, ಅದರ ಊಟ ಹುಡುಕುತ್ತೇನೆ. ಹವಳದ ದಿಬ್ಬದಲ್ಲಿ ಸ್ಪಾಂಜ್ ಅಂಟಿದ ಸಂದು, ರಿಬ್ಬನ್ ಸುರುಳಿಯಂಥ ಮೊಟ್ಟೆಗಳು ಕಂಡರೆ ಅಲ್ಲೇ ನಿಲ್ಲುತ್ತೇನೆ. ಹವಳವೇ ಬೇಕೆಂದೂ ಇಲ್ಲ. ಇಂಡೋನೇಷ್ಯಾದ ಲೆಂಬೆ ಜಲಸಂಧಿಯ ತಳ ಬಹುಪಾಲು ಕಪ್ಪು ಜ್ವಾಲಾಮುಖಿ ಮರಳು, ನೋಡಲು ಬರಡು. ಆದರೂ ಸ್ಲಗ್ ಹುಚ್ಚಿನವರೆಲ್ಲ ಅಲ್ಲಿಗೇ ಹೋಗುತ್ತಾರೆ. ಟಾರ್ಚ್ ಮರೆಯಬಾರದು. ಆಳದಲ್ಲಿ ಕೆಂಪು ಬಣ್ಣ ಸತ್ತುಹೋಗುತ್ತದೆ. 40 ಸೆಂಟಿಮೀಟರ್‌ವರೆಗೂ ಬೆಳೆಯುವ ಸ್ಪ್ಯಾನಿಷ್ ಡ್ಯಾನ್ಸರ್ ಎಂಬ ಕೆಂಪು ಸ್ಲಗ್ ಕೂಡ ಬೆಳಕು ಬೀಳುವ ತನಕ ಮಂಕಾಗಿಯೇ ಕಾಣುತ್ತದೆ.

ಈಗ ನಿಮ್ಮ ಅಕ್ವೇರಿಯಂ. ಎಷ್ಟೋ ಸ್ಲಗ್‌ಗಳು ಒಂದೋ ಎರಡೋ ಬಗೆಯ ಸ್ಪಾಂಜ್ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಅದನ್ನು ನೀವು ಎಲ್ಲಿಂದ ತರುತ್ತೀರಿ? ಸುಮ್ನೆ ಹಸಿವಿನಿಂದ ಸಾಯುತ್ತವೆ. ಫಿಲಿಡಿಯಾ ಜಾತಿಯವು ಗಾಬರಿಯಾದರೆ ನೀರಿಗೆ ವಿಷ ಬಿಟ್ಟು ಜೊತೆಯ ಮೀನುಗಳನ್ನೂ ಕೊಲ್ಲಬಹುದು. ಬರ್ಗಿಯಾ ಎಂಬ ಪುಟ್ಟ ಸ್ಲಗ್ ಮಾತ್ರ ಬೇರೆ. ಅಕ್ವೇರಿಯಂಗೆ ಕಾಟ ಕೊಡುವ ಐಪ್ಟೇಸಿಯಾ ಅನೆಮೋನ್ ಎಂಬ ಹೂವಿನಂಥ ಕುಟುಕುವ ಜೀವಿಯನ್ನು ತಿನ್ನಲೆಂದೇ ಅದನ್ನು ಸಾಕಿ ಮಾರುತ್ತಾರೆ. ನಿಮ್ಮ ತೊಟ್ಟಿಯಲ್ಲಿ ಆ ಕಾಟವಿದ್ದರೆ ತನ್ನಿ. ಅನೆಮೋನ್ ಖಾಲಿಯಾದ ಮೇಲೆ ಅದಕ್ಕೂ ಉಪವಾಸವೇ. ಅಷ್ಟರಲ್ಲಿ ಅದೇ ಕಾಟವಿರುವ ಇನ್ನೊಬ್ಬರಿಗೆ ದಾಟಿಸಿಬಿಡಿ.